ವಿಳಾಸವೇ ಪ್ರವೇಶಪತ್ರ

ಷಿಕಾಗೊ ನಗರದ ಮಧ್ಯಭಾಗದಿಂದ ಉತ್ತರಕ್ಕೆ ಹೊರಡುವ ಲೋಕಲ್ ರೈಲು ಮಿಷಿಗನ್ ಸರೋವರದ ದಡದ ದಿಕ್ಕಿನಲ್ಲೇ ಸಾಗುತ್ತದೆ. ಗಗನಚುಂಬಿ ಕಟ್ಟಡಗಳು ಹಿಂದೆ ಸರಿಯುತ್ತವೆ; ಒತ್ತೊತ್ತಾದ ಇಟ್ಟಿಗೆ ಮನೆಗಳು ಬಂದು ಹೋಗುತ್ತವೆ. ಇವಾನ್‌ಸ್ಟನ್ ಊರು ದಾಟಿದ ಮೇಲೆ ಮರಗಳು ದಟ್ಟವಾಗುತ್ತವೆ, ಮನೆಗಳ ಮುಂದಿನ ಹುಲ್ಲುಹಾಸು ಅಗಲವಾಗುತ್ತದೆ. ವಿಲ್‌ಮೆಟ್, ಕೆನಿಲ್‌ವರ್ತ್, ಅನಂತರ ಇಂಡಿಯನ್ ಹಿಲ್ ಎಂಬ ಪುಟ್ಟ ನಿಲ್ದಾಣ. (ಈ ‘ಇಂಡಿಯನ್’ ಭಾರತೀಯರಲ್ಲ, ಅಮೆರಿಕದ ಮೂಲನಿವಾಸಿಗಳು.) ಅಲ್ಲಿ ಇಳಿದವರು ಹತ್ತಿರದಲ್ಲೇ ಕಾಣುವ ವಿಸ್ತಾರವಾದ ಕಟ್ಟಡವನ್ನು ಯಾವುದೋ ಶ್ರೀಮಂತ ಕಾಲೇಜೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಅದು ಹೈಸ್ಕೂಲು. ಅದೂ ಸಾರ್ವಜನಿಕ ಹಣದಿಂದ ನಡೆಯುವ, ಬೋಧನಾ ಶುಲ್ಕವಿಲ್ಲದ ಹೈಸ್ಕೂಲು. ಹೆಸರು ನ್ಯೂ ಟ್ರಿಯರ್ ಟೌನ್‌ಷಿಪ್ ಹೈಸ್ಕೂಲ್. ಇಲಿನಾಯ್ ರಾಜ್ಯದ ವಿನೆಟ್ಕಾ ಎಂಬ ಊರಿನಲ್ಲಿ 1901ರಲ್ಲಿ ಆರಂಭವಾದದ್ದು. ಈ ಶಾಲೆಯ ಸೊತ್ತುಗಳಲ್ಲಿ ಒಂದು ನೊಬೆಲ್ ಪದಕವೂ ಸೇರಿದೆ.

ಟ್ರಿಯರ್ ಎಂಬುದು ಜರ್ಮನಿಯ ಒಂದು ಪ್ರಾಚೀನ ನಗರ. ಆ ಸೀಮೆಯಿಂದ ವಲಸೆ ಬಂದ ರೈತರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ನೆಲೆನಿಂತು ಹೊಸ ನೆಲಕ್ಕೆ ಹಳೆಯ ಹೆಸರಿಟ್ಟರು. ಕಾರ್ಲ್ ಮಾರ್ಕ್ಸ್ ಹುಟ್ಟಿದ್ದು ಅದೇ ಟ್ರಿಯರಿನಲ್ಲಿ. ಅಮೆರಿಕದ ಅತ್ಯಂತ ಸಿರಿವಂತ ಬಡಾವಣೆಗಳಲ್ಲಿ ಒಂದು ಮಾರ್ಕ್ಸನ ತವರಿನ ಹೆಸರು ಹೊತ್ತು ಮೆರೆಯುತ್ತಿರುವುದು ಚರಿತ್ರೆಯ ಒಂದು ತಮಾಷೆಯೇ ಸರಿ.

ಅಮೆರಿಕದ ಹೈಸ್ಕೂಲು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷಗಳದ್ದು. ಮೊದಲ ವರ್ಷದವರು ಫ್ರೆಷ್‌ಮನ್, ಎರಡನೆಯವರು ಸೋಫೊಮೋರ್, ಮುಂದೆ ಜೂನಿಯರ್, ಕೊನೆಗೆ ಸೀನಿಯರ್. ನ್ಯೂ ಟ್ರಿಯರಿನಲ್ಲಿ ಸುಮಾರು ನಾಲ್ಕು ಸಾವಿರ ವಿದ್ಯಾರ್ಥಿಗಳು. 2001ರಿಂದ ಫ್ರೆಷ್‌ಮನ್‌ಗಳನ್ನು ಪಕ್ಕದ ನಾರ್ತ್‌ಫೀಲ್ಡ್‌ನಲ್ಲಿರುವ ಬೇರೆ ಆವರಣದಲ್ಲಿ ಇರಿಸಲಾಗಿದೆ. ಹದಿನಾಲ್ಕರ ಮಕ್ಕಳು ಹದಿನೆಂಟರವರ ನಡುವೆ ಕಳೆದುಹೋಗದಿರಲಿ ಎಂದು.

ಇಲ್ಲಿ ಮಕ್ಕಳು ಒಂದೇ ಕೊಠಡಿಯಲ್ಲಿ ಕೂತು ಮೇಷ್ಟ್ರ ದಾರಿ ಕಾಯುವುದಿಲ್ಲ. ಮೇಷ್ಟ್ರಿಗೆ ಕೊಠಡಿ, ಮಕ್ಕಳಿಗೆ ಓಡಾಟ. ಗಂಟೆ ಹೊಡೆದೊಡನೆ ಕಾರಿಡಾರುಗಳು ತುಂಬಿ ಹರಿಯುತ್ತವೆ. ಗೋಡೆಯುದ್ದಕ್ಕೂ ಇರುವ ಕಬ್ಬಿಣದ ಲಾಕರ್‌ಗಳಲ್ಲಿ ಒಂದೊಂದು ಒಬ್ಬೊಬ್ಬರದು: ಪುಸ್ತಕ, ಚಳಿಗಾಲದ ಕೋಟು, ಆಟದ ಬೂಟು ಎಲ್ಲ ಅದರಲ್ಲೇ. ‘ನನ್ನ ತರಗತಿ’ ಎಂದು ಹೇಳಿಕೊಳ್ಳಲು ಯಾರಿಗೂ ಒಂದು ಖಾಯಂ ಗುಂಪಿಲ್ಲ. ಗಣಿತಕ್ಕೆ ಜೊತೆಗಿದ್ದವನು ಇತಿಹಾಸಕ್ಕೆ ಇರುವುದಿಲ್ಲ. ಒಂದೇ ವಿಷಯವನ್ನು ಬೇರೆ ಬೇರೆ ಮಟ್ಟಗಳಲ್ಲಿ ಕಲಿಸುವುದರಿಂದ ಒಬ್ಬಳೇ ಹುಡುಗಿ ಗಣಿತದಲ್ಲಿ ಮೇಲಿನ ಮಟ್ಟದಲ್ಲೂ ಇಂಗ್ಲಿಷಿನಲ್ಲಿ ಸಾಮಾನ್ಯ ಮಟ್ಟದಲ್ಲೂ ಇರಬಹುದು.

ವಿಜ್ಞಾನದ ಪಾಠಕ್ರಮ ವಿಚಿತ್ರವೆನಿಸುತ್ತದೆ. ಭೌತ, ರಸಾಯನ, ಜೀವಶಾಸ್ತ್ರಗಳನ್ನು ವರ್ಷವರ್ಷವೂ ಜೊತೆಜೊತೆಯಾಗಿ ಓದಿಸುವುದಿಲ್ಲ. ಒಂದು ವರ್ಷ ಪೂರ್ತಿ ಜೀವಶಾಸ್ತ್ರ, ಮರುವರ್ಷ ರಸಾಯನಶಾಸ್ತ್ರ, ಅದರ ಮರುವರ್ಷ ಭೌತಶಾಸ್ತ್ರ ಎಂಬುದು ಬಹುಕಾಲದಿಂದ ಬಂದ ಅಮೆರಿಕದ ರೂಢಿ. ಕಪ್ಪೆಯನ್ನು ಬಲ್ಲವನಿಗೆ ಆ ವರ್ಷ ಲೋಲಕದ ಪರಿಚಯವಿರುವುದಿಲ್ಲ ಎಂಬುದು ಇದರ ದೋಷ. ಆದರೆ ಪ್ರಯೋಗಾಲಯಕ್ಕೆ ಸಿಗುವ ಸಮಯವನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಪ್ರಯೋಗ ಅಲ್ಲಿ ವರ್ಷದ ಕೊನೆಗೆ ಪರೀಕ್ಷಕರ ಮುಂದೆ ಮಾಡಿ ತೋರಿಸುವ ವಸ್ತುವಲ್ಲ, ಪಾಠದ ಅರ್ಧಾಂಗ. ಹುಡುಗರು ತಾವೇ ಅಳೆದು, ತಾವೇ ತಪ್ಪಿ, ಆ ತಪ್ಪು ಎಷ್ಟಿರಬಹುದೆಂದು ತಾವೇ ಲೆಕ್ಕ ಹಾಕಿ ಬರೆಯುತ್ತಾರೆ.

ಪಾಲಕರು ವಿಶೇಷವಾಗಿ ಗಮನಿಸಬೇಕಾದದ್ದು ಈ ಶಾಲೆಯ ‘ಅಡ್ವೈಸರ್’ ಪದ್ಧತಿ. 1920ರ ದಶಕದಿಂದ ನಡೆದುಬಂದದ್ದು. ಶಾಲೆಗೆ ಸೇರಿದ ಪ್ರತಿ ಮಗುವನ್ನೂ ಸುಮಾರು ಎರಡು ಡಜನ್ ಮಕ್ಕಳ ಒಂದು ಗುಂಪಿಗೆ ಸೇರಿಸಿ, ಅದಕ್ಕೆ ಒಬ್ಬ ಅಧ್ಯಾಪಕರನ್ನು ಒಪ್ಪಿಸುತ್ತಾರೆ. ಗುಂಪು ದಿನವೂ ಸ್ವಲ್ಪ ಹೊತ್ತು ಅವರ ಕೋಣೆಯಲ್ಲಿ ಸೇರುತ್ತದೆ. ಪಾಠವಿಲ್ಲ. ಯಾರು ಬಂದಿಲ್ಲ, ಯಾರ ಮುಖ ಸಪ್ಪಗಿದೆ, ಯಾವ ವಿಷಯದಲ್ಲಿ ಅಂಕ ಕುಸಿಯುತ್ತಿದೆ, ಮುಂದಿನ ವರ್ಷ ಏನು ತೆಗೆದುಕೊಳ್ಳಬೇಕು, ಇವೇ ಮಾತು. ಈ ಕೆಲಸಕ್ಕೆಂದೇ ಆ ಅಧ್ಯಾಪಕರ ಪಾಠದ ಹೊರೆಯನ್ನು ಇಳಿಸಿರುತ್ತಾರೆ ಎಂಬುದನ್ನು ಮರೆಯಬಾರದು. ನಾಲ್ಕು ಸಾವಿರದ ಶಾಲೆಯಲ್ಲಿ ಒಂದು ಮಗುವನ್ನು ಹೆಸರಿಡಿದು ಬಲ್ಲ ದೊಡ್ಡವರೊಬ್ಬರು ಇದ್ದೇ ಇರುತ್ತಾರೆ. ಈಜುಕೊಳ, ನಾಟಕಶಾಲೆ, ವಿದ್ಯಾರ್ಥಿಗಳೇ ನಡೆಸುವ ಎಫ್.ಎಂ. ರೇಡಿಯೋ ಕೇಂದ್ರ ಎಲ್ಲವೂ ಇಲ್ಲುಂಟು; ಆದರೆ ಅವೆಲ್ಲಕ್ಕಿಂತ ಬೆಲೆಬಾಳುವುದು ಇದು.

ಪಾಠ ಮುಗಿದ ಮೇಲೆ ಶಾಲೆ ಮುಗಿಯುವುದಿಲ್ಲ. ಆಟದ ತಂಡಗಳ ಅಭ್ಯಾಸ, ವಾದ್ಯಗೋಷ್ಠಿ, ಚರ್ಚಾಕೂಟ, ಶಾಲಾ ಪತ್ರಿಕೆ ಎಂದು ಸಂಜೆಯವರೆಗೂ ದೀಪ ಉರಿಯುತ್ತದೆ. ಶರತ್ಕಾಲದಲ್ಲಿ ‘ಹೋಮ್‌ಕಮಿಂಗ್’: ಹಳೆಯ ವಿದ್ಯಾರ್ಥಿಗಳು ಬರುವ ಹಬ್ಬ, ಅಮೆರಿಕನ್ ಫುಟ್‌ಬಾಲ್ ಪಂದ್ಯ, ನೃತ್ಯ. ವಸಂತದಲ್ಲಿ ದೊಡ್ಡ ತರಗತಿಯವರ ‘ಪ್ರಾಮ್’ ನೃತ್ಯಕೂಟ. ಅದಕ್ಕೆ ಬೇಕಾಗುವ ಉಡುಪಿನ ಖರ್ಚು ಕೇಳಿ ಅಲ್ಲಿನ ತಂದೆತಾಯಂದಿರೂ ನಿಟ್ಟುಸಿರು ಬಿಡುತ್ತಾರೆ. ಇಲಿನಾಯ್ ರಾಜ್ಯದ ಹೈಸ್ಕೂಲುಗಳಲ್ಲಿ ಮೋಟಾರು ಓಡಿಸುವುದೂ ಒಂದು ಪಾಠ; ಹದಿನೈದಕ್ಕೆ ಕಲಿಯುವ ಪರವಾನಗಿ, ಹದಿನಾರಕ್ಕೆ ಲೈಸೆನ್ಸು. ವ್ಯಾಯಾಮವಂತೂ 2017ರಲ್ಲಿ ಕಾನೂನು ಸಡಿಲವಾಗುವವರೆಗೆ ಈ ರಾಜ್ಯದಲ್ಲಿ ಪ್ರತಿದಿನ ಕಡ್ಡಾಯವಾಗಿತ್ತು.

ಇಷ್ಟೆಲ್ಲ ಕೇಳಿ ಅಲ್ಲಿನ ಮಕ್ಕಳಿಗೆ ಓದಿನ ಭಾರವೇ ಇಲ್ಲವೆಂದು ತಿಳಿಯಬಾರದು. ಅಲ್ಲಿ ಒಂದು ದೊಡ್ಡ ಪರೀಕ್ಷೆಯ ಭಯವಿಲ್ಲ, ನಿಜ. ಬದಲಿಗೆ ನಾಲ್ಕು ವರ್ಷದ ಪ್ರತಿ ವಾರದ ಅಂಕವೂ ಕೂಡಿಕೊಂಡು ಒಂದು ಸರಾಸರಿಯಾಗಿ ಕಾಲೇಜಿನ ಬಾಗಿಲವರೆಗೆ ಬೆನ್ನಿಗಿರುತ್ತದೆ. ಅದರ ಮೇಲೆ ಎಸ್.ಎ.ಟಿ., ಎ.ಸಿ.ಟಿ. ಪರೀಕ್ಷೆಗಳು, ಕಾಲೇಜಿನ ಮಟ್ಟದ ‘ಎ.ಪಿ.’ ಪಾಠಗಳು. ಹದಿಹರೆಯದವರ ನಿದ್ದೆ ಸಾಲದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2014ರಲ್ಲಿ, ಹೈಸ್ಕೂಲುಗಳು ಬೆಳಗ್ಗೆ ಎಂಟೂವರೆಗಿಂತ ಮೊದಲು ಆರಂಭವಾಗಬಾರದೆಂದು ಸಲಹೆ ಕೊಟ್ಟಿತು.

ಇಲ್ಲಿ ಓದಿದವರಲ್ಲಿ ‘ಬೆನ್‌ಹರ್’ ಚಿತ್ರದ ಚಾರ್ಲ್‌ಟನ್ ಹೆಸ್ಟನ್, ರಾಕ್ ಹಡ್ಸನ್, ಆನ್ ಮಾರ್ಗ್ರೆಟ್ ಇದ್ದಾರೆ. ರಕ್ಷಣಾ ಕಾರ್ಯದರ್ಶಿಯಾಗಿದ್ದ ಡೊನಾಲ್ಡ್ ರಮ್ಸ್‌ಫೆಲ್ಡ್ ಇದ್ದಾರೆ. ಆದರೆ ಪದಕದ ಕಥೆ ಬೇರೆಯವರದು.

ಜಾಕ್ ಸ್ಟೈನ್‌ಬರ್ಗರ್ 1921ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಹುಡುಗ. ಹಿಟ್ಲರನ ಆಡಳಿತದಲ್ಲಿ ಯಹೂದಿ ಮಕ್ಕಳಿಗೆ ಮುಂದಿನ ಓದಿನ ದಾರಿ ಮುಚ್ಚತೊಡಗಿದಾಗ ತಂದೆತಾಯಿ ಹದಿಮೂರರ ಈ ಮಗನನ್ನೂ ಅವನ ಅಣ್ಣನನ್ನೂ 1934ರ ಕೊನೆಯಲ್ಲಿ ಅಮೆರಿಕಕ್ಕೆ ಹಡಗು ಹತ್ತಿಸಿದರು. ಅಲ್ಲಿನ ಯಹೂದಿ ಸಂಘಗಳು ಇಂಥ ಮಕ್ಕಳಿಗೆ ಆಶ್ರಯದ ಮನೆ ಹುಡುಕುತ್ತಿದ್ದವು. ಜಾಕ್‌ನನ್ನು ಮನೆಗೆ ಕರೆದುಕೊಂಡವರು ಷಿಕಾಗೊದ ಧಾನ್ಯ ವ್ಯಾಪಾರಿ ಬಾರ್ನೆಟ್ ಫ್ಯಾರೊಲ್. ಆ ಮನೆಯಲ್ಲಿದ್ದುದರಿಂದ ಹುಡುಗ ನ್ಯೂ ಟ್ರಿಯರ್ ಶಾಲೆಗೆ ಸೇರಿದ. 1938ರಲ್ಲಿ ಫ್ಯಾರೊಲ್ ಅವರ ನೆರವಿನಿಂದಲೇ ತಂದೆತಾಯಿಯೂ ಪಾರಾಗಿ ಬಂದು ಷಿಕಾಗೊದಲ್ಲಿ ಪುಟ್ಟ ಅಂಗಡಿ ಇಟ್ಟರು. ಮುಂದೆ ಜಾಕ್ ಹಗಲು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆದು, ಸಂಜೆ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದ. ಬಳಿಕ ಭೌತಶಾಸ್ತ್ರಕ್ಕೆ ಹೊರಳಿ ಎನ್ರಿಕೊ ಫರ್ಮಿಯವರ ಶಿಷ್ಯನಾದ. 1962ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಲೆಡರ್‌ಮನ್, ಶ್ವಾರ್ಟ್ಸ್ ಅವರೊಡಗೂಡಿ, ಹಳೆಯ ಯುದ್ಧನೌಕೆಯ ಉಕ್ಕಿನ ಹಲಗೆಗಳನ್ನು ಹದಿಮೂರು ಮೀಟರಿಗೂ ಹೆಚ್ಚು ದಪ್ಪದ ಗೋಡೆಯಾಗಿ ಪೇರಿಸಿ, ಅದನ್ನು ದಾಟಿ ಬರಬಲ್ಲ ನ್ಯೂಟ್ರಿನೊ ಕಣಗಳಲ್ಲಿ ಎರಡು ಬಗೆ ಇವೆಯೆಂದು ತೋರಿಸಿದರು. (ಮೂರೇ ವರ್ಷದ ಮೇಲೆ, 1965ರಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರೆಂಬುದನ್ನು ಕನ್ನಡದ ಮಕ್ಕಳು ತಿಳಿದಿರಬೇಕು.) 1988ರಲ್ಲಿ ಮೂವರಿಗೂ ನೊಬೆಲ್ ಬಂತು. ಸ್ಟೈನ್‌ಬರ್ಗರ್ ತಮ್ಮ ಪದಕವನ್ನು ಬ್ಯಾಂಕಿನಲ್ಲಿಡಲಿಲ್ಲ. ತಮ್ಮ ಹೈಸ್ಕೂಲಿಗೆ ಕೊಟ್ಟುಬಿಟ್ಟರು. ಅವರು 2020ರಲ್ಲಿ ಜಿನೀವಾದಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ಸುಲಭವಾಗಿ ಜಾರಿಹೋಗುವ ಒಂದು ಮಾತಿದೆ. ಜಾಕ್‌ಗೆ ಬಾಗಿಲು ತೆರೆದದ್ದು ಅವನ ಬುದ್ಧಿಯಲ್ಲ. ಆಗ ಅದು ಯಾರಿಗೂ ಗೊತ್ತಿರಲಿಲ್ಲ. ತೆರೆದದ್ದು ಫ್ಯಾರೊಲ್ ಅವರ ಮನೆಯ ವಿಳಾಸ.

ಅಮೆರಿಕದ ಸಾರ್ವಜನಿಕ ಶಾಲೆಯನ್ನು ದೆಹಲಿಯಂಥ ಒಂದು ರಾಜಧಾನಿ ನಡೆಸುವುದಿಲ್ಲ. ಊರವರು ಚುನಾಯಿಸಿದ, ಸಂಬಳವಿಲ್ಲದ ಏಳು ಜನರ ಮಂಡಳಿ ಇದನ್ನು ನಡೆಸುತ್ತದೆ. ಹಣದ ಬಹುಪಾಲು ಆ ವಲಯದ ಮನೆಗಳ ಮೇಲಿನ ಆಸ್ತಿ ತೆರಿಗೆಯಿಂದ. ಕಟ್ಟಡ ಕಟ್ಟಲು ಸಾಲ ಬೇಕೆಂದರೂ ಊರವರ ಮತ ಕೇಳಬೇಕು. 2010ರಲ್ಲಿ 17 ಕೋಟಿ 40 ಲಕ್ಷ ಡಾಲರಿನ ಯೋಜನೆಯನ್ನು ಮುಂದಿಟ್ಟಾಗ ವಿನೆಟ್ಕಾದ ಸುತ್ತಿನ ಮತದಾರರು ‘ಬೇಡ’ ಎಂದರು. 2014ರಲ್ಲಿ 8 ಕೋಟಿ 90 ಲಕ್ಷಕ್ಕೆ ಇಳಿಸಿ ಮತ್ತೆ ಕೇಳಿದಾಗ ಒಪ್ಪಿದರು. 2017ರಲ್ಲಿ ಹೊಸ ಭಾಗ ತೆರೆಯಿತು. ತಮ್ಮ ಶಾಲೆಯ ಪ್ರತಿ ಇಟ್ಟಿಗೆಗೂ ಊರವರು ಲೆಕ್ಕ ಕೇಳುವ ಈ ರೀತಿ ಮೆಚ್ಚತಕ್ಕದ್ದೇ. ಆದರೆ ಅದೇ ರೀತಿಯ ಇನ್ನೊಂದು ಮುಖ: ಮನೆಗಳು ಬೆಲೆಬಾಳುವ ಕಡೆ ಶಾಲೆಗೆ ಹಣ ಹರಿಯುತ್ತದೆ, ಇಲ್ಲದ ಕಡೆ ತೆರಿಗೆಯ ದರ ಏರಿಸಿದರೂ ಬೊಕ್ಕಸ ತುಂಬುವುದಿಲ್ಲ. ಮನೆಗಳಾದರೂ ಎಲ್ಲರಿಗೂ ಸಿಗುತ್ತಿದ್ದವೇ? ಈ ಊರುಗಳಲ್ಲಿ ಕರಿಯರಿಗೆ ಮನೆ ಮಾರದಿರುವುದನ್ನು ಪ್ರಶ್ನಿಸಿ 1965ರ ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ಅವರೇ ವಿನೆಟ್ಕಾದ ಹಸಿರು ಮೈದಾನದಲ್ಲಿ ಸಾವಿರಾರು ಜನರೆದುರು ಮಾತನಾಡಿದ್ದರು.

ಜೊನಾಥನ್ ಕೊಜೋಲ್ ಎಂಬ ಲೇಖಕ 1991ರಲ್ಲಿ ಪ್ರಕಟಿಸಿದ ‘ಸ್ಯಾವೇಜ್ ಇನ್‌ಈಕ್ವಾಲಿಟೀಸ್’ ಎಂಬ ಪುಸ್ತಕದಲ್ಲಿ ನ್ಯೂ ಟ್ರಿಯರನ್ನು ಷಿಕಾಗೊದ ದಕ್ಷಿಣ ಭಾಗದ ಡೂಸೇಬಲ್ ಹೈಸ್ಕೂಲಿನ ಪಕ್ಕದಲ್ಲಿಟ್ಟು ನೋಡಿದರು. ಇಲ್ಲಿ ಒಬ್ಬ ಅಡ್ವೈಸರ್‌ಗೆ ಎರಡು ಡಜನ್ ಮಕ್ಕಳು. ಅಲ್ಲಿ ಒಬ್ಬ ಸಲಹೆಗಾರರಿಗೆ 420. ಹೀಗಿರುವುದು ಸಂವಿಧಾನಕ್ಕೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಅದಕ್ಕೂ ಮೊದಲೇ, ಟೆಕ್ಸಾಸ್ ರಾಜ್ಯದ ಬಡ ಪಾಲಕರ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1973ರಲ್ಲಿ ಐವರು ನ್ಯಾಯಾಧೀಶರು ಅಲ್ಲವೆಂದರು, ನಾಲ್ವರು ಹೌದೆಂದರು. ಒಂದು ಮತದಿಂದ ಪಾಲಕರು ಸೋತರು.

2008ರ ಸೆಪ್ಟೆಂಬರ್ 2. ಷಿಕಾಗೊ ಶಾಲೆಗಳ ಮೊದಲ ದಿನ. ಪಾದ್ರಿಯೂ ರಾಜ್ಯದ ಸೆನೆಟರೂ ಆಗಿದ್ದ ಜೇಮ್ಸ್ ಮೀಕ್ಸ್ ಅವರ ಕರೆಗೆ ಓಗೊಟ್ಟು ಸಾವಿರಕ್ಕೂ ಹೆಚ್ಚು ಮಕ್ಕಳು ತಮ್ಮ ಶಾಲೆಗೆ ಹೋಗದೆ ಬಸ್ಸು ಹತ್ತಿದರು. ಬಸ್ಸುಗಳು ಸಾಲಾಗಿ ಬಂದು ನಿಂತದ್ದು ನಾರ್ತ್‌ಫೀಲ್ಡ್ ಆವರಣದಲ್ಲಿ. ಮಕ್ಕಳೂ ಪಾಲಕರೂ ಇಳಿದು, ನ್ಯೂ ಟ್ರಿಯರಿಗೆ ಸೇರಿಸಿಕೊಳ್ಳಿರೆಂದು ಅರ್ಜಿ ತುಂಬಿದರು. ಸೀಟು ಸಿಗುವುದಿಲ್ಲವೆಂದು ಕೊಟ್ಟವರಿಗೂ ಗೊತ್ತಿತ್ತು, ತೆಗೆದುಕೊಂಡವರಿಗೂ ಗೊತ್ತಿತ್ತು. ಬಸ್ಸುಗಳು ಅದೇ ದಿನ ಷಿಕಾಗೊಕ್ಕೆ ಮರಳಿದವು.

2017ರಲ್ಲಿ ಇಲಿನಾಯ್ ಸರಕಾರ, ರಾಜ್ಯದ ಹೊಸ ಹಣ ಮೊದಲು ಕೊರತೆಯ ಶಾಲೆಗಳಿಗೆ ಹೋಗುವಂತೆ ಕಾನೂನು ಬದಲಿಸಿತು. ನ್ಯೂ ಟ್ರಿಯರಿನ ಆದಾಯದ ಬಹುಭಾಗ ಇಂದಿಗೂ ಊರಿನ ಆಸ್ತಿ ತೆರಿಗೆಯೇ. ಮಗುವನ್ನು ಅಲ್ಲಿ ಸೇರಿಸಲು ಹೋಗುವ ಪಾಲಕರು ಹಳೆಯ ಶಾಲೆಯ ಕಾಗದಪತ್ರದೊಂದಿಗೆ ಮನೆಯ ದಾಖಲೆಯನ್ನೂ ತೆಗೆದುಕೊಂಡು ಹೋಗುತ್ತಾರೆ: ಸ್ವಂತ ಮನೆಯಾದರೆ ತೆರಿಗೆಯ ರಸೀದಿ, ಇಲ್ಲವಾದರೆ ಬಾಡಿಗೆಯ ಕರಾರುಪತ್ರ.