ತಡವಾಗಿ ಬರುವ ಉತ್ತರ

ಕಲಾ ವಿಭಾಗದ ವಿದ್ಯಾರ್ಥಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಅದು ನಾನಾಗಿ ಹುಡುಕಿಕೊಂಡು ಹೋದುದಲ್ಲ. ನನ್ನ ಕೊಠಡಿಯ ಗೆಳೆಯನ ದೆಸೆಯಿಂದ ಬಂದದ್ದು. ಅವನಿಗೆ ದೃಷ್ಟಿ ಮಂದ. ಹಳಗನ್ನಡದ ಪದ್ಯಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿಸಿಕೊಂಡು ಓದುತ್ತಾನೆ. ಕಠಿನ ಪದ ಬಂದಾಗಲೆಲ್ಲ "ಇದರ ಅರ್ಥ ಏನೋ?" ಎಂದು ನನ್ನನ್ನು ಕೇಳುತ್ತಾನೆ. ಪರೀಕ್ಷೆ ಸಮೀಪಿಸಿದಂತೆ ಪ್ರಶ್ನೆಗಳೂ ಹೆಚ್ಚಿದವು. ಪದದ ಮೇಲೆ ಒತ್ತಿದರೆ ಅರ್ಥವು ದಪ್ಪಕ್ಷರದಲ್ಲಿ ಮೂಡುವಂಥ ಬ್ರೌಸರ್ ಎಕ್ಸ್‌ಟೆನ್ಷನ್ ಒಂದನ್ನು ಮಾಡಿಕೊಡುತ್ತೇನೆಂದು ಮಾತು ಕೊಟ್ಟೆ.

ಮಾತು ಕೊಡುವುದೇನೋ ಸುಲಭ. ಆದರೆ ಈ ಎಕ್ಸ್‌ಟೆನ್ಷನ್ ಎಂಬುದು ಒಂಟಿ ಸಂಸಾರವಲ್ಲ. ಪುಟದೊಳಗೆ ಕಂಟೆಂಟ್ ಸ್ಕ್ರಿಪ್ಟ್ ಎಂಬವನಿದ್ದಾನೆ. ಗೆಳೆಯ ಒತ್ತಿದ ಪದ ಅವನ ಕಣ್ಣಿಗೆ ಬೀಳುತ್ತದೆ. ಹಿನ್ನೆಲೆಯಲ್ಲಿ ಸರ್ವಿಸ್ ವರ್ಕರ್ ಎಂಬ ಇನ್ನೊಬ್ಬನಿದ್ದಾನೆ. ತರಗತಿಯ ಟಿಪ್ಪಣಿಗಳಿಂದ ನಾನು ಕೂಡಿಸಿದ 600 ಪದಗಳ ಕಡತ ಅವನ ವಶದಲ್ಲಿದೆ, ಆದರೆ ಅವನಿಗೆ ಪುಟ ಕಾಣದು. ಒಬ್ಬನ ಮನಸ್ಸಿನಲ್ಲಿರುವುದು ಇನ್ನೊಬ್ಬನಿಗೆ ತಿಳಿಯದು. ಆದ್ದರಿಂದ ಇಬ್ಬರ ನಡುವೆ ಚೀಟಿ ಓಡಾಡಬೇಕು. ಸೆಂಡ್‌ಮೆಸೇಜ್ ಎಂದರೆ ಚೀಟಿ ಹೋಗುತ್ತದೆ. ಆನ್‌ಮೆಸೇಜ್ ಎಂದು ಕಿವಿಗೊಟ್ಟಿರುವವನು ಅದನ್ನು ಪಡೆಯುತ್ತಾನೆ. ಹಿನ್ನೆಲೆಯವನಿಗೆ 30 ಸೆಕೆಂಡು ಕೆಲಸವಿಲ್ಲದಿದ್ದರೆ ಕ್ರೋಮ್ ಅವನನ್ನು ಮಲಗಿಸಿಬಿಡುತ್ತದೆ. ಚೀಟಿ ಬಂದರೆ ಏಳುತ್ತಾನೆ. ಆದರೆ ನೆನಪಿನಲ್ಲಿದ್ದುದೆಲ್ಲ ಮರೆತಿರುತ್ತದೆ. ಮತ್ತೆ ಕಡತ ತೆರೆದು ನೋಡಿಯೇ ಉತ್ತರ ಹೇಳಬೇಕು.

ನನ್ನ ಕಷ್ಟವಿದ್ದುದು ಇಲ್ಲಿಯೇ. ಪ್ರಶ್ನೆ ಹೋಗುತ್ತಿತ್ತು, ಕಡತ ತೆರೆಯುತ್ತಿತ್ತು, ಅರ್ಥವೂ ಸಿಕ್ಕುತ್ತಿತ್ತು. ಪುಟದ ಮೇಲೆ ಮಾತ್ರ ಏನೂ ಮೂಡದು! ಉತ್ತರ ಬರುವ ಮೊದಲೇ ದಾರಿ ಮುಚ್ಚಿತೆಂದು ಇಂಗ್ಲಿಷಿನಲ್ಲಿ ಒಂದು ದೂರು ಕಾಣಿಸಿಕೊಳ್ಳುತ್ತಿತ್ತು. ಮೂರು ದಿನ ಅದರ ಮುಂದೆ ಕುಳಿತೆ. ಆ ಮೂರು ದಿನವೂ ಗೆಳೆಯ ಏನು ಕೇಳಿದರೂ ನಾನು ತಲೆ ಎತ್ತಲಿಲ್ಲ. ನಾಲ್ಕನೆಯ ದಿನ ಅವನು ಕೇಳುವುದನ್ನೇ ಬಿಟ್ಟು, ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕದ ಕೊಠಡಿಗೆ ಹೋದ.

ಅಂದು ಸಂಜೆಯೇ ತಪ್ಪು ಸಿಕ್ಕಿತು. ನಾನು ಅನುಸರಿಸಿದ್ದ ಕ್ರಮದಲ್ಲಿ, ಚೀಟಿ ಪಡೆದವನಿಗೆ ಕೂಡಲೇ ಉತ್ತರ ಕೊಡಲಾಗದಿದ್ದರೆ 'ರಿಟರ್ನ್ ಟ್ರೂ' ಎಂದು ಹೇಳಬೇಕು. 'ಉತ್ತರ ತಡವಾದೀತು, ದಾರಿ ತೆರೆದಿಡು' ಎಂಬುದು ಅದರ ತಾತ್ಪರ್ಯ. ಅದನ್ನು ಹೇಳದೆ ಸುಮ್ಮನಿದ್ದರೆ, ಇವನಿಗೆ ಹೇಳುವುದೇನೂ ಇಲ್ಲವೆಂದು ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಎಂಥ ಉತ್ತರ ಸಿಕ್ಕಿದರೇನು? ಪಡೆಯುವವರಿಲ್ಲ.

ಆ ಒಂದು ಸಾಲನ್ನು ಸೇರಿಸಿ, 'ಎಲರ್' ಎಂಬ ಪದದ ಮೇಲೆ ಒತ್ತಿದೆ. 'ಗಾಳಿ' ಎಂದು ದಪ್ಪಕ್ಷರದಲ್ಲಿ ಮೂಡಿತು. ಹಿಗ್ಗಿನಿಂದ ಪಕ್ಕದ ಕೊಠಡಿಗೆ ಓಡಿದೆ. ಗೆಳೆಯ ಪರದೆಯಿಂದ ಮುಖವೆತ್ತದೆ, "ನಾನು ಕೇಳಿ ಕೇಳಿ ನಿನಗೆ ಬೇಸರವಾಗಿದೆ ಅಂದುಕೊಂಡಿದ್ದೆ ಕಣೋ" ಎಂದ.

"ಬೇಸರ ಅಲ್ಲವೋ, ನಿನ್ನ ಕೆಲಸದಲ್ಲೇ ಇದ್ದೆ."

"ಹಾಗಂತ ಒಂದು ಮಾತು ಹೇಳಬಾರದಾಗಿತ್ತೆ?"

ನಾನು ಏನು ಹೇಳಲಿ? ಯಂತ್ರಕ್ಕೆ ಕಲಿಸಿದ ಆ ಒಂದು ಸಾಲು ನನಗೇ ತಿಳಿದಿರಲಿಲ್ಲ.

ಈಗ ಅವನು ಆ ಎಕ್ಸ್‌ಟೆನ್ಷನ್ನನ್ನೇ ಬಳಸುತ್ತಿದ್ದಾನೆ. ಆ 600ರಲ್ಲಿ ಇಲ್ಲದ ಪದ ಬಂದರೆ ಎಂದಿನಂತೆ ನನ್ನನ್ನು ಕೇಳುತ್ತಾನೆ. ನನಗೂ ತಿಳಿಯದಿದ್ದರೆ, "ತಾಳು, ನಾಳೆ ಮೇಷ್ಟ್ರನ್ನು ಕೇಳಿ ಹೇಳುತ್ತೇನೆ" ಎನ್ನುತ್ತೇನೆ. ಅವನೂ ತಾಳುತ್ತಾನೆ.