ಅರ ಹಾಕುವುದಕ್ಕೊಂದು ನಕಲು

ಕೋವಿಯ ಮಾತು ಹೆಂಗಸರಿಗೇಕೆ ಎನ್ನಬೇಡಿ. ನನ್ನ ತವರು ಕೊಡಗು. ಕೈಲ್ ಮುಹೂರ್ತದ ದಿನ ಕೋವಿಗಳನ್ನು ಒರೆಸಿ, ಹೂವಿಟ್ಟು ಪೂಜಿಸುವ ಮನೆಯಲ್ಲಿ ಬೆಳೆದವಳು ನಾನು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ನಮ್ಮ ಕಡೆ ಹೆಣ್ಣುಮಕ್ಕಳೂ ನಿಲ್ಲುತ್ತಾರೆ.

ನನ್ನ ಅಣ್ಣ ಇರುವುದು ಅಮೆರಿಕದ ಇಂಡಿಯಾನಾದಲ್ಲಿ. ಅಲ್ಲಿನ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯ ಬಂದೂಕುಗಳ ಸಂಘ ಪಂದ್ಯ ನಡೆಸುತ್ತದೆ. ಸಂಘ ಹುಟ್ಟಿದ್ದು 1933ರಲ್ಲಿ. ನಿವೃತ್ತನಾದ ಮೇಲೆ ಅಣ್ಣನೂ ಆ ಗುಂಪಿಗೆ ಸೇರಿ, 1853ರ ಎನ್‌ಫೀಲ್ಡ್ ಬಂದೂಕಿನ ನಕಲೊಂದನ್ನು ಕೊಂಡ. ಇಟಲಿಯಲ್ಲಿ ಮಾಡಿದ್ದು. ಹೆಸರು ಕೇಳುತ್ತಲೇ ನನಗೆ ಶಾಲೆಯ ಪಾಠ ನೆನಪಾಯಿತು. 1857ರಲ್ಲಿ ಸಿಪಾಯಿಗಳು ಮುಟ್ಟಲೊಲ್ಲೆವೆಂದ ಕೊಬ್ಬಿನ ತೋಟೆ ಈ ಬಂದೂಕಿನದೇ.

ಗುರಿ ಹಿಡಿಯಲು ಇದರಲ್ಲಿ ಎರಡು ಭಾಗ. ಕಣ್ಣಿನ ಕಡೆಗೊಂದು ಕಚ್ಚು, ನಳಿಗೆಯ ತುದಿಯಲ್ಲೊಂದು ಮೊನೆ. ಕಚ್ಚಿನ ನಡುವೆ ಮೊನೆ ಕೂತು, ಅದರ ತಲೆಯ ಮೇಲೆ ಗುರಿ ನಿಲ್ಲಬೇಕು. ಯುದ್ಧಕ್ಕೆಂದು ಮಾಡಿದ ಬಂದೂಕಾದ್ದರಿಂದ, ಕಚ್ಚನ್ನು ಪೂರ್ತಿ ಇಳಿಸಿದರೂ ಅದು 100 ಗಜದ ಲೆಕ್ಕದ್ದು. ಅಣ್ಣ ಹೊಡೆಯುತ್ತಿದ್ದದ್ದು 50 ಗಜಕ್ಕೆ. ಗುಂಡೆಲ್ಲ ಆರು ಅಂಗುಲ ಮೇಲೆ!

ಗುಂಡು ಮೇಲೆ ಹೋದರೆ ಮೊನೆಯನ್ನು ಎತ್ತರ ಮಾಡಬೇಕು, ಕೆಳಗೆ ಬಿದ್ದರೆ ತಗ್ಗಿಸಬೇಕು. ಕೇಳಲು ತಿರುಗುಮುರುಗು. ಆದರೆ ಎತ್ತರದ ಮೊನೆಯನ್ನು ಕಚ್ಚಿನೊಳಗೆ ತರಲು ನಳಿಗೆಯ ಮೂತಿಯನ್ನೇ ತಗ್ಗಿಸಬೇಕಲ್ಲ, ಗುಂಡೂ ತಗ್ಗುತ್ತದೆ. ಎಷ್ಟು ಎತ್ತರ ಮಾಡಲಿ ಎಂದು ಅಣ್ಣ ಫೋನಿನಲ್ಲಿ ಕೇಳಿದ. ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಸಮರೂಪ ತ್ರಿಭುಜ ಹೇಳಿಕೊಟ್ಟವಳು ನಾನು, ಬಿಡುತ್ತೇನೆಯೇ? ಕಚ್ಚಿಗೂ ಮೊನೆಗೂ ನಡುವೆ ಸುಮಾರು 30 ಅಂಗುಲ. 50 ಗಜವೆಂದರೆ 1800 ಅಂಗುಲ, ಅರವತ್ತು ಪಟ್ಟು. ಆರು ಅಂಗುಲದ ಅರವತ್ತರಲ್ಲೊಂದು ಭಾಗವೆಂದರೆ ಅಂಗುಲದ ಹತ್ತನೆಯ ಒಂದು ಪಾಲು. ಎರಡೂವರೆ ಮಿಲಿಮೀಟರ್, ಅಷ್ಟೇ.

ಅಣ್ಣ ಬೇಕೆಂದೇ ಇನ್ನೂ ಸ್ವಲ್ಪ ಎತ್ತರದ ಮೊನೆ ಕೂರಿಸಿದ. ಗುಂಡು ಕೆಳಗೆ ಬೀಳತೊಡಗಿದ ಮೇಲೆ, ಕೋವಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ಅರದಿಂದ ಎರಡೇ ಎರಡು ಸಲ ಉಜ್ಜುವುದು, ಐದು ಗುಂಡು ಹೊಡೆದು ನೋಡುವುದು, ಮತ್ತೆ ಎರಡು ಸಲ ಉಜ್ಜುವುದು. ಅವಸರವಿಲ್ಲ. ಉಜ್ಜಿ ಹೋದ ಕಬ್ಬಿಣ ತಿರುಗಿ ಬರುವುದಿಲ್ಲ.

ಈ ಸಂಗತಿ ಊರಿಗೂ ಮುಟ್ಟಿತು. ತವರಿನಲ್ಲಿ ಅಪ್ಪನ ಕೇಪಿನ ಕೋವಿ ಇದೆ, ಅಜ್ಜನಿಂದ ಬಂದದ್ದು. ತಮ್ಮನ ಮಗ ಫೋನು ಮಾಡಿದ: "ಅತ್ತೆ, ಅಜ್ಜನ ಕೋವಿಯಲ್ಲಿ ಗುಂಡು ತೆಂಗಿನಕಾಯಿಯ ಕೆಳಗೇ ಹೋಗುತ್ತೆ. ಮೊನೆಗೆ ಅರ ಹಾಕಿಬಿಡ್ತೀನಿ."

ನನ್ನ ಎದೆ ಧಸಕ್ಕೆಂದಿತು. "ಬೇಡ ಮಗ. ದೊಡ್ಡಪ್ಪನದು ನಕಲು. ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ಮೊನೆ ಸಿಗುತ್ತೆ. ನಿನ್ನ ಕೈಲಿರೋದು ಒಂದೇ ಒಂದು" ಎಂದೆ.

"ಹಾಗಾದ್ರೆ ಪಂದ್ಯದಲ್ಲಿ ಸೋಲಬೇಕಾ ಅತ್ತೆ?"

ಅವನ ಪ್ರಶ್ನೆಯೂ ನ್ಯಾಯವೇ. ಪೂಜೆಗೆ ಮಾತ್ರ ಇಡುವುದಾದರೆ ಅದು ಕೋವಿ ಯಾಕಾಗಬೇಕು? ಅಪ್ಪ ಈ ಕೋವಿಯಲ್ಲೇ ಕಾಯಿ ಒಡೆದು ತಂದವರು. ಅವರಿಗೆ ಅದರ ಗುಣ ಗೊತ್ತಿತ್ತು. "ಇದು ತಲೆ ತಗ್ಗಿಸಿ ನಡೆಯೋ ಪೈಕಿ. ಕಾಯಿಯ ನೆತ್ತಿಗೆ ಗುರಿ ಇಡಬೇಕು" ಎನ್ನುತ್ತಿದ್ದರು. ಆ ಮಾತನ್ನೇ ಹುಡುಗನಿಗೆ ಹೇಳಿದೆ. ಅವನು ಗೊಣಗುತ್ತಲೇ ಅರವನ್ನು ಪೆಟ್ಟಿಗೆಗೆ ಹಾಕಿದ. ಆ ವರ್ಷ ಕಾಯಿ ಒಡೆಯಲಿಲ್ಲ. ಮರುವರ್ಷ ಒಡೆಯಿತು.

ನಕಲು ಎಂದರೆ ನಮಗೆಲ್ಲ ಒಂದು ತಾತ್ಸಾರ. ಈಗ ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕಣ್ಣಿಗೆ, ನಮ್ಮ ಅನುಕೂಲಕ್ಕೆ ತಿದ್ದಿಕೊಳ್ಳಲು ನಕಲೊಂದಿದ್ದರೆ, ಹಳೆಯದು ತನ್ನ ಪಾಡಿಗೆ ತಾನಿರಬಹುದು. ಅಂಥ ಹಳೆಯದರ ಮುಂದೆ ತಿದ್ದಿಕೊಳ್ಳಬೇಕಾದವರು ನಾವು.