ಕಿವಿಗೆ ಬಡಿಸಿದ ಅಡುಗೆ

ಧಾರವಾಡ ಆಕಾಶವಾಣಿಯ ಮಹಿಳಾ ಕಾರ್ಯಕ್ರಮಕ್ಕೆ ನಾನು ಅಡುಗೆ ಹೇಳಲು ಹೋಗತೊಡಗಿದ್ದು ಎಂಬತ್ತರ ದಶಕದ ಆರಂಭದಲ್ಲಿ. 1950ರಲ್ಲಿ ಶುರುವಾದ ಆ ಕೇಂದ್ರದ ಮಾತು ಬೆಳಗಾವಿ, ವಿಜಾಪುರ ದಾಟಿ ಗೋವೆಯ ಕನ್ನಡಿಗರ ಮನೆಗೂ ಮುಟ್ಟುತ್ತಿತ್ತು. ಮೊದಲು ಒಪ್ಪಂದದ ಕಾಗದ ಬರುತ್ತಿತ್ತು. ಸಹಿ ಹಾಕಿ, ಭಾಷಣ ಬರೆದು ಕೊಡಬೇಕು. “ಅಕ್ಕಾರ, ಹಾಳಿ ಸಪ್ಪಳ ಬರಬಾರದ್ರೀ” ಎಂದು ರೆಕಾರ್ಡಿಂಗಿಗೆ ಕೂತವರು ಎಚ್ಚರಿಸುತ್ತಿದ್ದರು. ಟಾಚಣಿ ತೆಗೆದು ಹಾಳೆಗಳನ್ನು ಬಿಡಿಸಿಟ್ಟುಕೊಂಡು, ಓದಿ ಮುಗಿದದ್ದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುವುದನ್ನು ಕಲಿತೆ.

ಕೇಳುವವಳ ಕೈಯಲ್ಲಿ ಪೆನ್ಸಿಲ್ಲು, ತೊಡೆಯ ಮೇಲೆ ಕೂಸು, ಒಲೆಯ ಮೇಲೆ ಹಾಲು. ಸಾಮಾನುಗಳನ್ನು ಎರಡೆರಡು ಸಲ ಹೇಳದೆ ಗತಿಯಿಲ್ಲ. ಶೇಂಗಾ ಕೆಂಪಗೆ ಹುರಿಯಿರಿ ಅಂದರೂ ಸಾಲದು; ಹೊಗೆ ಹಿಡಿದ ಅಡುಗೆಮನೆಯ ಸಣ್ಣ ಬಲ್ಬಿನ ಕೆಳಗೆ ಕೆಂಪೂ ಕಪ್ಪೂ ಒಂದೇ. ಅದಕ್ಕೇ ಸಪ್ಪಳ ಹೇಳುತ್ತಿದ್ದೆ. ಗುರೆಳ್ಳು ಚಟಚಟ ಎಂದ ಕೂಡಲೇ ಇಳಿಸಿ. ಎಣಗಾಯಿಯಲ್ಲಿ ನೀರಿನ ಕೊತಕೊತ ನಿಂತು ಎಣ್ಣೆಯ ಚುರ್‍ರ್ ಕೇಳಿದರೆ ಬದನೆಕಾಯಿ ಆಯಿತು. ಜೋಳದ ಹಿಟ್ಟಿಗೆ ಅಂಟು ಕಡಿಮೆ, ಕುದಿಯುವ ಎಸರು ಹಾಕಿ ನಾದಿದರೇ ಅದು ಹಿಡಿದುಕೊಳ್ಳುವುದು. ಬಡಿಯುವಾಗ ರೊಟ್ಟಿ ಪಟಪಟ ಅನ್ನಬೇಕು, ಧಪ್ ಅಂದರೆ ನೀರು ಹೆಚ್ಚಾಗಿದೆ. ಹೂರಣಕ್ಕೆ ಮಾತ್ರ ಕಿವಿ ಉಪಯೋಗವಿಲ್ಲ. ಅದರಲ್ಲಿ ಸೌಟು ನೆಟ್ಟಗೆ ನಿಲ್ಲಬೇಕು, ಅಷ್ಟೇ.

15 ಪೈಸೆಯ ಕಾರ್ಡುಗಳು ಬರುತ್ತಿದ್ದವು. “ನಿಮ್ಮ ವಾಟಿ ಎಷ್ಟು ದೊಡ್ಡದ್ರೀ?” ಎಂದು ಒಬ್ಬಾಕೆ ಕೇಳಿದ್ದಳು. ಎಷ್ಟು ಸರಿಯಾದ ಪ್ರಶ್ನೆ! 1962ರಲ್ಲೇ ಪೇಟೆಯ ತಕ್ಕಡಿಗೆ ಕಿಲೋ ಕಡ್ಡಾಯವಾಗಿದ್ದರೂ ಮನೆಗಳಲ್ಲಿ ಸೇರು, ಪಾವು, ಚಟಾಕು ಜೀವಂತವಾಗಿದ್ದವು. ನಮ್ಮ ಅತ್ತೆಯವರಿಗಂತೂ ಅಂಗೈಯೇ ಅಳತೆ. ಗ್ರಾಂ ಹೇಳೋಣವೆಂದರೆ ಕೇಳುವವರ ಮನೆಯಲ್ಲಿ ತಕ್ಕಡಿಯಿಲ್ಲ. ಹಾಗಾಗಿ ಪಾಲಿನ ಲೆಕ್ಕಕ್ಕೆ ಬಂದೆ: ಕಡಲೆಬೇಳೆ ಒಂದು ಪಾಲು, ಬೆಲ್ಲ ಒಂದು ಪಾಲು, ಪಾತ್ರೆ ಯಾವುದಾದರೂ ಇರಲಿ. ಖಾರಕ್ಕೆ ಈ ಲೆಕ್ಕವೂ ನಡೆಯದು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು. ರಾಯಚೂರಿನ ಕಡೆಯವರು ಗುಂಟೂರಿನ ಕಾಯನ್ನು ಅಷ್ಟೇ ಹಾಕಿದರೆ ಊಟಕ್ಕೆ ಕೂತವರ ಕಣ್ಣಲ್ಲಿ ನೀರು. ಯಾವ ಊರಿನ ಕಾಯಿ ಎಂದು ಹೇಳದೆ ಮುಂದೆ ಹೋಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದವು. ಬಾಣಲೆ ಕಣ್ಣೆದುರಿಗೇ ಇರುವಾಗ “ಇಷ್ಟು ಹಾಕಿ, ಹೀಗೆ ತಿರುವಿ” ಎಂದರೆ ಮುಗಿಯಿತು. ಇದು ಮಾತಿನ ಸೋಮಾರಿತನ ಎಂದು ನಾನು ಗೊಣಗುತ್ತೇನೆ. ಸೊಸೆ ಒಪ್ಪುವುದಿಲ್ಲ. “ಕರ್ಚಿಕಾಯಿ ಅಂಚು ಮಡಚೋದನ್ನ ರೇಡಿಯೋದಾಗ ಹೇಳ್ರಿ ನೋಡೋಣು, ಅತ್ತಿ” ಎನ್ನುತ್ತಾಳೆ. ಅದು ಆಗದ ಮಾತು. ಎಷ್ಟು ಬರೆದರೂ ಆ ಅಂಚು ಕೇಳುವವರ ಬೆರಳಿಗೆ ಬರುತ್ತಿರಲಿಲ್ಲ.

ಈಗಲೂ ಒಮ್ಮೊಮ್ಮೆ ಫೋನ್-ಇನ್ ಕಾರ್ಯಕ್ರಮಕ್ಕೆ ಕರೆಯುತ್ತಾರೆ. ನವಣೆ, ಸಾಮೆ ಬೇಯಿಸುವುದು ಹೇಗೆಂದು ಪಟ್ಟಣದವರು ಕೇಳುತ್ತಾರೆ. ನಮ್ಮ ಕಡೆಯ ಅಜ್ಜಿಯರು ಕೇಳಿದರೆ ನಕ್ಕಾರು. ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ, ಬೇಳೆಗೆ ಎಷ್ಟು ಸೀಟಿ? ಬೇಳೆ ಹಳೆಯದೋ ಹೊಸದೋ, ನಿಮ್ಮದು ಬೋರಿನ ಗಡಸು ನೀರೋ ನಳದ್ದೋ ಎಂದು ನಾನು ಮರಳಿ ಕೇಳುತ್ತೇನೆ. ಅಷ್ಟರಲ್ಲಿ ಕೆಲವರು ಫೋನು ಇಟ್ಟುಬಿಡುತ್ತಾರೆ.